ಅವರೆ ಪಾತಿಗೆ ಹುಲಿ ಕಾವಲು

ಜಿಂಕೆ ಸಾಧು ಪ್ರಾಣಿ ಎಂದು ಹನ್ನೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಆ ಹನ್ನೊಂದು ವರ್ಷದ ಮಕ್ಕಳೆಲ್ಲರಲ್ಲೂ ಈ ಮೂಲಕ ಕ್ಷಮೆ ಕೋರುತ್ತೇನೆ.

ಇದು ತೊಂಬತ್ತರ ದಶಕದ ಮಾತು. ದಾವಣಗೆರೆಯವರಾದ ನಾವು ಎಲೆಕ್ಟ್ರಾನಿಕ್ ಸಿಟಿಯಿಂದ ಜಿಗಣಿ ಕಡೆಗೆ ಹೋಗುವ ದಾರಿಯ ಒಂದು ಹೊಸ ಬಡಾವಣೆಗೆ ಬಾಡಿಗೆಗೆ ಬಂದಿದ್ದೆವು. ನಮ್ಮವರು, ಅಂದರೆ ಶಿವಾನಂದ, ಅಲ್ಲೇ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬಡಾವಣೆ ಎಂಬುದು ಹೆಸರಿಗೆ ಮಾತ್ರ. ಮನೆಗಳಿಗಿಂತ ಸೈಟುಕಲ್ಲುಗಳೇ ಜಾಸ್ತಿ. ನಮ್ಮ ಹಿತ್ತಿಲ ಬಾಗಿಲು ತೆಗೆದರೆ ಖಾಲಿ ಸೈಟುಗಳು, ಅವು ಮುಗಿದರೆ ಲಂಟಾನ ಪೊದೆ, ಅದರಾಚೆ ಬನ್ನೇರುಘಟ್ಟದ ಕಾಡು.

ಮನೆಯ ಓನರ್ ಮುನಿಯಪ್ಪನವರು. ಬಡಾವಣೆಯಾಗುವ ಮುಂಚೆ ಅದೆಲ್ಲ ಅವರ ರಾಗಿ ಹೊಲ. ಈಗ ಹೊಲದಲ್ಲಿ ನಾಲ್ಕು ಬಾಡಿಗೆ ಮನೆ ಎದ್ದಿದ್ದವು. ಆದರೂ ಅವರು ಹಸು ಸಾಕುವುದನ್ನು ಬಿಟ್ಟಿರಲಿಲ್ಲ. ಅವರ ಹೆಂಡತಿ ಲಕ್ಷ್ಮಮ್ಮ ಮಳೆಗಾಲದಲ್ಲಿ ನನ್ನ ಕೈಗೆ ಒಂದು ಹಿಡಿ ಅವರೆ ಬೀಜ ಹಾಕಿ, “ಇತ್ಲಲ್ಲಿ ಉದುರ್ಸಿ ಟೀಚರಮ್ಮ. ಚಳಿ ಬೀಳೋ ಒತ್ಗೆ ಕಾಯಿ ಆಯ್ತದೆ. ಏನೂ ಮಾಡೋ ಅಂಗಿಲ್ಲ,” ಎಂದಿದ್ದರು.

ಏನೂ ಮಾಡದೆ ಇರಲು ನಾನು ಬಿ.ಎಡ್. ಮಾಡಿಲ್ಲ! ಶಾಲೆಯಿಂದ ಮೀಟರ್ ಸ್ಕೇಲ್ ತಂದು ಸಾಲು ಎಳೆದೆ. ಪಕ್ಕದಲ್ಲಿ ಮೂಲಂಗಿ, ಮೆಂತ್ಯ, ಬೇಲಿಯ ಅಂಚಿಗೆ ಸೇವಂತಿಗೆ. ದೀಪಾವಳಿ ಮುಗಿದು ಬೆಳಗಿನ ಮಂಜು ಶುರುವಾಗುವ ಹೊತ್ತಿಗೆ ಅವರೆ ಹೂ ಬಿಟ್ಟು ಎಳೆಕಾಯಿ ಕಟ್ಟಿತ್ತು. ಹಿತ್ತಿಲಿಗೆ ಹೋದರೆ ಅವರೆ ಸೊಗಡು ಮೂಗಿಗೆ ಅಡರುತ್ತಿತ್ತು. ನಾನು ಸ್ಟಾಫ್ ರೂಮಿನಲ್ಲಿ ನಿಂತು ಘೋಷಿಸಿದೆ: “ಇನ್ನು ಹದಿನೈದು ದಿನ. ನಿಮಗೆಲ್ಲ ನಮ್ಮ ಮನೆಯಲ್ಲಿ ಅವರೆಕಾಳು ಉಪ್ಪಿಟ್ಟು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸೊಗಡು ಸ್ಟಾಫ್ ರೂಮಿಗಿಂತ ಮೊದಲು ಕಾಡಿಗೆ ತಲುಪಿದೆ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಮಂಜಿನಲ್ಲಿ ಮೂರು ಚುಕ್ಕೆ ಜಿಂಕೆಗಳು ನಿಂತಿದ್ದವು. ಎಂಥ ಚೆಲುವು! ನಾನು ಮೈಮರೆತು, “ರೀ, ಬನ್ನಿ, ಬೇಗ ಬನ್ನಿ,” ಎಂದು ಮೆಲ್ಲಗೆ ಕರೆದೆ. ನಮ್ಮವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದು ನೋಡಿದರು.

“ಚೆಂದ ಅದಾವೆ,” ಎಂದರು. “ಏನು ತಿನ್ನಾಕತ್ಯಾವೆ?”

ಆಗ ನಾನು ಕಿರುಚಿದೆ.

ಮೆಂತ್ಯ ಪೂರ್ತಿ ಮಾಯ. ಸೇವಂತಿಗೆಗೆ ತಲೆಗಳಿರಲಿಲ್ಲ. ಅವರೆಯ ಒಂದು ಸಾಲನ್ನು ಕ್ಷೌರ ಮಾಡಿದಂತೆ ಸಮವಾಗಿ ಕತ್ತರಿಸಿದ್ದವು. ಲಕ್ಷ್ಮಮ್ಮ ಹೇಳಿದ ಪ್ರಕಾರ ಹಳೆಯ ಸೀರೆಗಳನ್ನು ಬೇಲಿಯುದ್ದಕ್ಕೂ ಕಟ್ಟಿದೆ. ಮರುದಿನ ಅವುಗಳಲ್ಲೊಂದು ಜಿಂಕೆ ನನ್ನ ಹಸಿರು ಸೀರೆಯನ್ನು ನಾಟಕದ ಪರದೆಯ ಹಾಗೆ ಸರಿಸಿಕೊಂಡು ಒಳಗೆ ಬಂತು. ತಗಡು ಬಡಿದೆ. ಅದು ತಲೆಯೆತ್ತಿ ನೋಡಿ, ಗುರುತಿನವರೇ ಎಂಬಂತೆ ಮತ್ತೆ ಮೇಯತೊಡಗಿತು.

ಹೀಗಿರುವಾಗ ಎಂಟನೇ ತರಗತಿಗೆ ಆಹಾರ ಸರಪಳಿಯ ಪಾಠ ಬಂತು. ಹುಲ್ಲು, ಜಿಂಕೆ, ಹುಲಿ ಎಂದು ಬೋರ್ಡಿನ ಮೇಲೆ ಬರೆದು ಬಾಣ ಎಳೆಯುತ್ತಿದ್ದವಳು ಹಾಗೆಯೇ ನಿಂತುಬಿಟ್ಟೆ. ಪರಿಹಾರ ಕಣ್ಣೆದುರಿಗೇ ಇತ್ತಲ್ಲ! ಹುಲಿಯ ವಾಸನೆ ಬಂದರೆ ಜಿಂಕೆ ಬರಲಾರದು. ಹುಲಿಯನ್ನು ತರುವುದು ಕಷ್ಟ. ಆದರೆ ಅದರ ಲದ್ದಿ?

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ನಂಜಪ್ಪ ಒಂದು ಮೃಗಾಲಯದಲ್ಲಿ ಬೋನು ತೊಳೆಯುವ ಕೆಲಸದಲ್ಲಿದ್ದರು. ಭಾನುವಾರ ಅಲ್ಲಿಗೇ ಹೋಗಿ ಕೇಳಿದೆ. ಅವರು ಕೈಯಲ್ಲಿದ್ದ ಪೊರಕೆ ಕೆಳಗಿಟ್ಟರು.

“ಮೇಡಂ, ಮಗಳ ಮಾರ್ಕ್ಸ್ ವಿಷ್ಯ ಮಾತಾಡೋಕೆ ಬಂದ್ರಿ ಅಂದ್ಕೊಂಡೆ,” ಎಂದರು. ಆಮೇಲೆ ಅತ್ತಿತ್ತ ನೋಡಿ, ನಾನು ಒಯ್ದಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ತುಂಬಿಸಿಕೊಟ್ಟರು. “ಯಾರ್ಗೂ ಹೇಳ್ಬೇಡಿ ಮೇಡಂ. ನಗ್ತಾರೆ.”

ವಾಪಸು ಬರುವಾಗ ಬಸ್ಸಿನಲ್ಲಿ ಆದ ಮುಖಭಂಗವನ್ನು ಚುಟುಕಾಗಿ ಹೇಳುತ್ತೇನೆ. ಎರಡನೇ ಸ್ಟಾಪಿಗೆ ನನ್ನ ಪಕ್ಕದವರು ಎದ್ದು ಹೋದರು. ಮೂರನೆಯದಕ್ಕೆ ಹಿಂದಿನ ಸೀಟು ಖಾಲಿ. ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದು, “ಅಮ್ಮಾ, ಡಬ್ಬೀಲಿ ಏನಿದೆ? ಒಣಮೀನಾ?” ಎಂದು ಕೇಳಿದ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಮೊಟ್ಟೆಯನ್ನೂ ಮುಟ್ಟದ ಮನೆತನದಲ್ಲಿ ಹುಟ್ಟಿದ ನಾನು, ಇಡೀ ಬಸ್ಸಿನೆದುರು ತಲೆಯಾಡಿಸಿದೆ.

“ಹೌದಪ್ಪ. ಮೀನು.”

ಸಂಜೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೇಲಿಯ ಹೊರಗೆ ಸ್ಕೇಲ್ ಇಟ್ಟು ಅಳೆದು, ಅರ್ಧರ್ಧ ಮೀಟರಿಗೆ ಒಂದೊಂದು ಸೌಟಿನಷ್ಟು ಹಾಕಿದೆ. ಹದಿನಾಲ್ಕು ಗುಪ್ಪೆಗಳಾದವು. ನಮ್ಮವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

“ಶಾಂತಾ, ಆ ಸೌಟು ಅಡಿಗಿಮನಿದಲ್ಲ ತಾನೆ?” ಎಂದರು.

“ವಿಜ್ಞಾನಕ್ಕೆ ಸ್ವಲ್ಪ ತ್ಯಾಗ ಬೇಕು ಕಣ್ರೀ,” ಎಂದೆ. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಸೋಮವಾರ ಬೆಳಿಗ್ಗೆ ನಾನು ಜಡೆ ಹೆಣೆಯುತ್ತಿದ್ದೆ. ಹಿತ್ತಿಲಾಚೆಯಿಂದ ಒಂದು ಕೂಗು ಕೇಳಿಸಿತು.

“ಉಲಿ! ಉಲಿ ಬಂದೈತೆ ಕಣ್ರಪ್ಪೋ!”

ಓಡಿ ಹೋದೆ. ಮುನಿಯಪ್ಪನವರು ಎಂದಿನಂತೆ ಹಸುವನ್ನು ಖಾಲಿ ಸೈಟಿಗೆ ಹೊಡೆದುಕೊಂಡು ಬಂದಿದ್ದರು. ಅದು ನನ್ನ ಬೇಲಿಯ ಹತ್ತಿರ ಮೂಸಿ ನೋಡಿದ್ದೇ ತಡ, ಅವರ ಕೈಯಿಂದ ಹಗ್ಗ ಕಿತ್ತುಕೊಂಡು ಬಾಲ ಎತ್ತಿ ಓಡಿಹೋಗಿತ್ತು. ಅವರು ಬಗ್ಗಿ ನೋಡಿದರೆ ಕೂದಲು, ಮೂಳೆಚೂರು ಬೆರೆತ ಗುಪ್ಪೆ. ಅಷ್ಟರಲ್ಲೇ ಹತ್ತಾರು ಜನ ಸೇರಿದ್ದರು. ಮುನಿಯಪ್ಪನವರು ಹೆಗಲ ಮೇಲಿನ ಟವೆಲ್ ಕೊಡವಿ ಹೇಳುತ್ತಿದ್ದರು:

“ಇಷ್ಟುದ್ದ ಐತೆ ಕಣ್ರಪ್ಪ. ಲಂಟಾನದೊಳಕ್ಕೆ ಓಯ್ತು. ಬಾಲ ನಾನೇ ನೋಡ್ದೆ, ಈ ಕಣ್ಣಾಗೆ!”

ಬಾಲವನ್ನೂ ನೋಡಿದ್ದಾರೆ ಎಂದ ಮೇಲೆ ನಾನು ಏನು ಹೇಳಲಿ? ಇದು ನನ್ನ ಡಬ್ಬಿಯ ಮಾಲು ಎಂದರೆ ಓನರ್ ಮಾತನ್ನು ಸುಳ್ಳು ಮಾಡಿದಂತೆ. ಮನೆ ಖಾಲಿ ಮಾಡಿ ಎಂದರೆ? ನಂಜಪ್ಪನಿಗೆ ಕೊಟ್ಟ ಮಾತು ಬೇರೆ. ಸ್ಕೂಲಿಗೆ ಹೊತ್ತಾಗುತ್ತಿತ್ತು. ಹೀಗೆ ಮೂರು ಒಳ್ಳೆಯ ಕಾರಣಗಳನ್ನು ಕೊಟ್ಟುಕೊಂಡು ನಾನು ಬಾಯಿ ಮುಚ್ಚಿಕೊಂಡೆ. ನಿಜವಾದ ಕಾರಣ ನಾಲ್ಕನೆಯದು: ನಾಚಿಕೆ.

ಸುದ್ದಿ ನನಗಿಂತ ಮುಂಚೆ ಸ್ಕೂಲು ಮುಟ್ಟಿತ್ತು. ಅಲ್ಲಿಗೆ ಹೋಗುವಷ್ಟರಲ್ಲಿ ಹುಲಿ ಎರಡು ಮೇಕೆ ತಿಂದಿತ್ತು. ಹೆಡ್‌ಮಾಸ್ಟರು ನನ್ನನ್ನು ನೋಡಿ, ದೇವರೇ ಬಂದಂತೆ ಎದ್ದು ನಿಂತರು.

“ಮೇಡಂ, ನಿಮ್ಮ ಮನೆ ಹಿಂದೇನೇ ಅಂತೆ! ನೀವು ವಿಜ್ಞಾನದವರು ಬೇರೆ. ಪ್ರಾರ್ಥನೆ ಆದ ಮೇಲೆ ಮಕ್ಕಳಿಗೆ ನಾಲ್ಕು ಮಾತು ಧೈರ್ಯ ಹೇಳಿ.”

ಹೇಳಿದೆ! ಇನ್ನೂರು ಮಕ್ಕಳ ಎದುರು ನಿಂತು, ಹುಲಿ ಅತ್ಯಂತ ಸಂಕೋಚದ ಪ್ರಾಣಿ, ಅದು ಮನುಷ್ಯರನ್ನು ಕಂಡರೆ ದೂರ ಹೋಗುತ್ತದೆ, ಗುಂಪಾಗಿ ನಡೆಯಿರಿ, ಗಟ್ಟಿಯಾಗಿ ಮಾತಾಡಿ ಎಂದು ಭಾಷಣ ಮಾಡಿದೆ. ನನ್ನ ಧ್ವನಿ ನಡುಗುತ್ತಿತ್ತು. ಮೇಡಂ ಎಷ್ಟು ಹೆದರಿದ್ದಾರೆ ಪಾಪ ಎಂದು ಮಕ್ಕಳು ಅಂದುಕೊಂಡರು. ಕೊನೆಗೆ ಒಬ್ಬ ಪುಟ್ಟ ಹುಡುಗಿ ಕೈ ಎತ್ತಿದಳು.

“ಮಿಸ್, ಹುಲಿ ಯಾರನ್ನ ಮೊದಲು ತಿನ್ನುತ್ತೆ?”

“ಸುಳ್ಳು ಹೇಳೋರನ್ನ,” ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಹೆಡ್‌ಮಾಸ್ಟರು ಮೆಚ್ಚಿ ತಲೆದೂಗಿದರು. ನೀತಿಪಾಠವೂ ಆಯಿತಲ್ಲ!

ಮಧ್ಯಾಹ್ನಕ್ಕೇ ಸ್ಕೂಲು ಬಿಟ್ಟರು. ಮನೆಗೆ ಬಂದರೆ ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ರಜೆ ಹಾಕಿ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದರು. ಒಂದು ದಿನದ ಸಂಬಳ ಹೋಯಿತೆಂದು ಅವರಲ್ಲೊಬ್ಬಳು ಅಂದದ್ದು ಕೇಳಿ ನನಗೆ ಊಟ ಸೇರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಸೈಕಲ್ಲಿನಲ್ಲಿ ಬಂದರು. ಸಣಕಲು ಮನುಷ್ಯ, ಕೈಯಲ್ಲೊಂದು ಬಿದಿರು ಕೋಲು. ಜನರೆಲ್ಲ ದೊಣ್ಣೆ ಹಿಡಿದು ಅವರ ಹಿಂದೆ ನನ್ನ ಬೇಲಿಯ ಹತ್ತಿರಕ್ಕೆ ನಡೆದರು. ನಾನೂ ಹೋದೆ. ಗಾರ್ಡ್ ಕೂತು ಮೊದಲನೆಯ ಗುಪ್ಪೆಯನ್ನು ಕೆದಕಿ ನೋಡಿದರು.

“ಹುಲೀದೇ,” ಎಂದರು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮುನಿಯಪ್ಪನವರು ಮಾತ್ರ ಎದೆಯುಬ್ಬಿಸಿ, “ನಾ ಏಳ್ಲಿಲ್ವಾ?” ಎಂದರು.

ಗಾರ್ಡ್ ಎರಡನೆಯದನ್ನು ನೋಡಿದರು. ಮೂರನೆಯದನ್ನು ನೋಡಿದರು. ಆಮೇಲೆ ಕೋಲಿನಿಂದ ನಡುವಿನ ಅಂತರ ಅಳೆದರು. ಮತ್ತೆ ಅಳೆದರು. ಕೊನೆಯವರೆಗೂ ಹೋಗಿ ವಾಪಸು ಬಂದು ತಲೆ ಕೆರೆದುಕೊಂಡರು.

“ಇಪ್ಪತ್ತು ವರ್ಷ ಸರ್ವಿಸ್ ಆಯ್ತು ನಂಗೆ. ಇಷ್ಟು ಶಿಸ್ತಿನ ಹುಲಿ ನೋಡಿಲ್ಲ ಸ್ವಾಮಿ. ಹದಿನಾಲ್ಕು ಕಡೆ ಕೂತಿದೆ. ಎಲ್ಲಾ ಒಂದೇ ಅಳತೆ, ಒಂದೇ ದೂರ!”

“ಒಂದು ಉಲಿ ಎಲ್ಲಾನಾ ಅದ್ನಾಲ್ಕು ಸಲ ಕೂರ್ತದಾ?” ಎಂದರು ಮುನಿಯಪ್ಪನವರು. ಸ್ವಲ್ಪ ಯೋಚಿಸಿದರು. ಮುಖ ಬಿಳಿಚಿಕೊಂಡಿತು. “ಅಂಗಾದ್ರೆ ಅದ್ನಾಲ್ಕು ಉಲಿ! ಸಾಲಾಗಿ!”

ಗುಂಪಿನ ಹಿಂದಿನಿಂದ ಒಂದು ಅಳು ಕೇಳಿಸಿತು. ಲಕ್ಷ್ಮಮ್ಮ. ಬೆಳಗಿನಿಂದ ಓಡಿಹೋದ ಹಸುವನ್ನು ಹುಡುಕಿ ಹುಡುಕಿ, ಕಾಲೆಲ್ಲ ಮುಳ್ಳು ತರಚಿಸಿಕೊಂಡು ಬಂದಿದ್ದರು. ಅವರು ಅಲ್ಲೇ ನೆಲದ ಮೇಲೆ ಕುಸಿದರು.

“ತುಂಬಿದ ಗಬ್ಬ ಕಣ್ರಪ್ಪ ಅದು. ಅದ್ನಾಲ್ಕು ಉಲಿ ಮದ್ಯೆ ನನ್ನ ಅಸ ಎಲ್ಲಿ ಉಳೀತದೆ? ಅದ್ರ ಒಟ್ಟೇಲಿರೋ ಕರ ಎಲ್ಲಿ ಉಳೀತದೆ?”

ಓನರ್, ನಂಜಪ್ಪ, ನಾಚಿಕೆ, ಎಲ್ಲ ಅತ್ತ ಹೋಯಿತು. ನಾನು ಮುಂದೆ ಹೋಗಿ ಅವರ ಪಕ್ಕದಲ್ಲಿ ಕೂತೆ.

“ಲಕ್ಷ್ಮಮ್ಮ, ಅಳಬೇಡಿ. ಹುಲಿ ಇಲ್ಲ. ಒಂದೂ ಇಲ್ಲ. ಇದನ್ನ ಹಾಕಿದ್ದು... ನಾನು.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಗುಂಪಿನಲ್ಲೊಬ್ಬ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನಾನು ಹೇಳಿದ್ದು ಹೇಗೆ ಕೇಳಿಸಿತೆಂದು ಆಗ ಹೊಳೆದು, “ಅಯ್ಯೋ, ಹಾಗಲ್ಲ! ಡಬ್ಬೀಲಿ ತಂದು! ಸೌಟಲ್ಲಿ!” ಎಂದು ಕೂಗಿದೆ. ಜಿಂಕೆ, ಅವರೆ, ಆಹಾರ ಸರಪಳಿ, ಎಲ್ಲ ಒದರಿದೆ. ನಂಜಪ್ಪನ ಹೆಸರೊಂದನ್ನು ಮಾತ್ರ ನುಂಗಿಕೊಂಡೆ.

ಎಲ್ಲರೂ ದೊಣ್ಣೆ ಇಳಿಸಿದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿದೆ. ಆದರೆ ಗಾರ್ಡ್ ನಿಧಾನವಾಗಿ ಮುನಿಯಪ್ಪನವರ ಕಡೆ ತಿರುಗಿದರು.

“ಅಲ್ಲ ಯಜಮಾನ್ರೇ, ಮತ್ತೆ ಆ ಬಾಲ?”

ಜನರೆಲ್ಲ ಆ ಕಡೆ ತಿರುಗಿದರು. ಮುನಿಯಪ್ಪನವರು ಆಕಾಶ ನೋಡಿದರು. ಸೈಟುಕಲ್ಲು ನೋಡಿದರು. “ಮಂಜು ಇತ್ತಲ್ಲಪ್ಪ... ನಮ್ ಅಸೀನ ಬಾಲಾನೇ ಇರ್ಬೈದು,” ಎಂದರು. ಮೊದಲು ನಕ್ಕದ್ದು ಲಕ್ಷ್ಮಮ್ಮ. ಅಳುತ್ತಲೇ ನಕ್ಕರು. ಆ ಬಾಲ ಇಲ್ಲದಿದ್ದರೆ ಆ ದಿನ ನನ್ನ ಕಥೆ ಮುಗಿಯುತ್ತಿತ್ತು.

ಆಗಲೇ ಕೆರೆ ಕಡೆಯಿಂದ ನಮ್ಮವರು ಬಂದರು. ಯೂನಿಫಾರ್ಮಿನ ಮೇಲೆಲ್ಲ ಕೆಸರು; ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದು ಕೈಯಲ್ಲಿ ಚಪ್ಪಲಿ. ಬೆಳಿಗ್ಗೆ ಹಸು ಓಡಿದ್ದು ನೋಡಿ, ಕಾರ್ಖಾನೆಗೆ ರಜೆ ಹಾಕಿ, ನನಗೂ ಹೇಳದೆ ಹುಡುಕಲು ಹೋಗಿದ್ದರಂತೆ.

“ಪಕ್ಕದ ಊರಾಗೆ ಯಾರದೋ ಅವರೆ ಹೊಲದಾಗ ನಿಂತಿತ್ತು,” ಎಂದರು. “ಹೊಟ್ಟಿ ತುಂಬ ತಿಂದೈತಿ. ಆರಾಮೈತಿ.”

ಲಕ್ಷ್ಮಮ್ಮ ಹಸುವಿನ ಕೊರಳು ತಬ್ಬಿಕೊಂಡರು. ನನಗೆ ನಮ್ಮವರ ಕಾಲಿಗೆ ಬೀಳಬೇಕೆನಿಸಿತು. ಕೆಸರಿತ್ತು, ಬಿಟ್ಟೆ.

ಗಾರ್ಡಿಗೆ ಒಂದು ಲೋಟ ಕಾಫಿಯಾದರೂ ಕೊಡೋಣವೆಂದು ಮನೆಯೊಳಗೆ ಕರೆದು, ಲೋಟ ಅವರ ಕೈಗಿಟ್ಟು ಹಿತ್ತಿಲ ಬಾಗಿಲು ತೆಗೆದೆ. ಮೂರೂ ಜಿಂಕೆಗಳು ಅಲ್ಲೇ ಇದ್ದವು! ಊರೆಲ್ಲ ಹಸುವಿನ ಹಿಂದೆ ಮುನಿಯಪ್ಪನವರ ಕೊಟ್ಟಿಗೆಗೆ ಹೋದದ್ದನ್ನು ನೋಡಿಕೊಂಡು ಹಗಲಿಗೇ ಬಂದು, ಅವರೆಯ ಕೊನೆಯ ಸಾಲನ್ನು ಮುಗಿಸುತ್ತಿದ್ದವು. ಒಂದಂತೂ ಹುಲಿ ಲದ್ದಿಯ ಪಕ್ಕದಲ್ಲೇ ಆರಾಮವಾಗಿ ನಿಂತಿತ್ತು.

“ವಾಸನೆ ಬರಲ್ವಾ ಇವಕ್ಕೆ?” ಎಂದೆ. ನನಗೆ ಅಳು ಬರುತ್ತಿತ್ತು.

ಗಾರ್ಡ್ ಕಾಫಿ ಊದಿಕೊಂಡು ಹೇಳಿದರು: “ಈ ಕಡೆ ಜಿಂಕೆಗಳು ಹುಲಿ ನೋಡೇ ಇಲ್ಲ ಮೇಡಂ. ಗೊತ್ತಿಲ್ಲದ ಭಾಷೇಲಿ ಬೈದಂಗಾಯ್ತು. ವಾಸನೆ ಬಂದಿದೆ, ಅರ್ಥ ಆಗಿಲ್ಲ.”

ಅವರೆಕಾಳು ಉಪ್ಪಿಟ್ಟನ್ನು ಸ್ಟಾಫಿಗೆ ನಾನು ಕೊಟ್ಟೆ. ಕಾಳು ಮಾರ್ಕೆಟ್ಟಿನದು. ಯಾರೂ ಏನೂ ಕೇಳಲಿಲ್ಲ. ಸೌಟು ಹೊಸದಾ ಎಂದಷ್ಟೇ ವಿಚಾರಿಸಿದರು. ಮುನಿಯಪ್ಪನವರು ಮನೆ ಖಾಲಿ ಮಾಡಿಸಲಿಲ್ಲ. ಹದಿನೈದು ದಿನ ಮಾತು ಬಿಟ್ಟಿದ್ದರು, ಅಷ್ಟೇ.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಲಕ್ಷ್ಮಮ್ಮ ಬಟ್ಟಲ ತುಂಬ ಗಿಣ್ಣು ತಂದರು. ಹಸು ಕರು ಹಾಕಿತ್ತು, ಹೆಣ್ಣು ಕರು, ಎರಡೂ ಚೆನ್ನಾಗಿದ್ದವು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

“ಕರಕ್ಕೆ ಎಸ್ರೂ ಇಟ್ಟಿದೀವಿ,” ಎಂದರು ಲಕ್ಷ್ಮಮ್ಮ, ಸೆರಗು ಬಾಯಿಗಿಟ್ಟುಕೊಂಡು. “ನಮ್ಮ ಯಜಮಾನ್ರೇ ಇಟ್ಟವ್ರೆ. ಟೀಚರಮ್ಮ ಅಂತ!”

ಪ್ರೀತಿಗೆ ಇಟ್ಟರೋ ಸೇಡಿಗೆ ಇಟ್ಟರೋ ನಾನು ಕೇಳಲಿಲ್ಲ. ನಾವು ಆ ಮನೆಯಲ್ಲಿ ಇನ್ನೂ ಆರು ವರ್ಷ ಇದ್ದೆವು. ಪ್ರತಿದಿನ ಸಂಜೆ, ನಾನು ಬಾಗಿಲಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದಾಗ, ಖಾಲಿ ಸೈಟಿನಿಂದ ಮುನಿಯಪ್ಪನವರ ಕೂಗು ಬಡಾವಣೆಗೆಲ್ಲ ಕೇಳಿಸುತ್ತಿತ್ತು: “ಏಯ್ ಟೀಚರಮ್ಮ, ಸಗಣಿ ತುಳೀಬ್ಯಾಡ!”

ಪ್ರತಿ ಸಲವೂ ನಾನು ಕಾಲೆತ್ತಿ ನೋಡಿಕೊಳ್ಳುತ್ತಿದ್ದೆ.