ಬ್ರೆಡ್ಡಿನ ಹೆಪ್ಪು ಮತ್ತು ನನ್ನ ಮರ್ಯಾದೆ

ಮನುಷ್ಯನಿಗೆ ಮರ್ಯಾದೆ ಎನ್ನುವುದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದು ಕಷ್ಟ. ನಮ್ಮ ತಂದೆಗೆ ಅದು ಇಸ್ತ್ರಿ ಮಾಡಿದ ಅಂಗಿಯಿಂದ ಬರುತ್ತಿತ್ತು. ನಮ್ಮ ಮಾವನವರಿಗೆ ಮಗಳ ಮದುವೆಯಲ್ಲಿ ಹೋಳಿಗೆಯ ಮೇಲೆ ಸುರಿದ ತುಪ್ಪದಿಂದ ಬಂತು. ಆ ತುಪ್ಪದ ವಿಷಯವನ್ನು ಅವರು ಇವತ್ತಿಗೂ ನನಗೆ ಮರೆಯಲು ಬಿಟ್ಟಿಲ್ಲ. ನನ್ನ ಮರ್ಯಾದೆ ಮಾತ್ರ ನಲವತ್ತು ದಾಟಿದ ಮೇಲೆ ಒಂದು ಗಾಜಿನ ಬಾಟಲಿಯೊಳಗಿನ ಹುಳಿ ಹಿಟ್ಟಿನ ಮೇಲೆ ನಿಂತುಕೊಂಡಿತು. ಅದು ಉಬ್ಬಿದ ದಿನ ನಾನೂ ಉಬ್ಬುತ್ತಿದ್ದೆ, ಅದು ಇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಇದನ್ನೆಲ್ಲ ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಮನೆಯಲ್ಲಿ ಹೇಳಿಕೊಳ್ಳುವ ಹಾಗಿಲ್ಲ, ಆಫೀಸಿನಲ್ಲಂತೂ ಬಾಯಿ ಬಿಡುವ ಹಾಗೇ ಇಲ್ಲ. ಉಳಿದವರು ನೀವೇ.

ನಮ್ಮ ಮನೆ ಜೋಗುಪಾಳ್ಯದಲ್ಲಿ, ಆಫೀಸು ಇಂದಿರಾನಗರದಲ್ಲಿ. ನಡೆದೇ ಹೋಗಬಹುದಾದಷ್ಟು ದೂರ. ಆದರೆ ಬ್ರೆಡ್ಡಿನ ವಿಷಯಕ್ಕೆ ಬಂದರೆ ಎರಡೂ ಬೇರೆ ಬೇರೆ ದೇಶಗಳು. ಜೋಗುಪಾಳ್ಯದಲ್ಲಿ ಬ್ರೆಡ್ ತಿನ್ನುವುದು ಜ್ವರ ಬಂದವರು. ನಾನು ಕೈಯಲ್ಲಿ ಬ್ರೆಡ್ ಹಿಡಿದು ಬರುವುದನ್ನು ಕಂಡರೆ ಬೀದಿಯವರು "ಯಾರಿಗೆ ಹುಷಾರಿಲ್ಲ ಸಾರ್?" ಎಂದು ವಿಚಾರಿಸುತ್ತಾರೆ. ಇಂದಿರಾನಗರದಲ್ಲಾದರೋ ಬ್ರೆಡ್ ತಿನ್ನದವರನ್ನೇ ಹಾಗೆ ವಿಚಾರಿಸುತ್ತಾರೆ. ಅದೂ ಸಾಮಾನ್ಯ ಬ್ರೆಡ್ಡಲ್ಲ, ಸೋರ್‌ಡೋ. ಅಂಗಡಿಯ ಈಸ್ಟ್ ಮುಟ್ಟದೆ, ಹಿಟ್ಟು ನೀರು ಕಲಸಿಟ್ಟು, ಅದು ತಾನಾಗಿ ಹುಳಿ ಬಂದು ನೊರೆಯಾಡುವವರೆಗೆ ಕಾದು, ಆ ಹುಳಿಯನ್ನು ಹಾಕಿ ಉಬ್ಬಿಸುವ ಬ್ರೆಡ್ಡು. ಆ ಹುಳಿ ಹಿಟ್ಟಿಗೆ ಸ್ಟಾರ್ಟರ್ ಎಂದು ಹೆಸರು. ಮಗುವಿಗೆ ಹಾಲು ಕುಡಿಸಿದಂತೆ ದಿನವೂ ಅದಕ್ಕೆ ಹಿಟ್ಟು, ನೀರು ಕೊಡಬೇಕು.

ನಮ್ಮ ಟೀಮ್ ಲೀಡ್ ನಿಖಿಲ್ ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಸ್ಟಾರ್ಟರ್‌ಗೆ ಬಬ್ಲು ಎಂದು ನಾಮಕರಣವಾಗಿದೆ. ನನ್ನ ಮಗಳಿಗೆ ಡೆಂಗಿ ಆದಾಗ ನಾನು ರಜೆ ಕೇಳಿದರೆ "ಕ್ರಿಟಿಕಲ್ಲಾ?" ಎಂದು ಕೇಳಿದ್ದ ಈ ಮನುಷ್ಯ, ಬಬ್ಲು ಸ್ವಲ್ಪ ಮಂಕಾಗಿದ್ದಾನೆಂದು ಎರಡು ದಿನ ಮನೆಯಿಂದಲೇ ಕೆಲಸ ಮಾಡಿದ. ಭಾನುವಾರ ಬೆಳಗ್ಗೆ ಅವನ ಫ್ಲಾಟಿನಲ್ಲಿ ಬ್ರೆಡ್ ಮಾಡುವವರ ಕೂಟ ಸೇರುತ್ತದೆ. ಯಾರಿಗೆ ಯಾವ ಪ್ರಾಜೆಕ್ಟು, ಯಾರನ್ನು ಮೇಲೆ ಹತ್ತಿಸುವುದು, ಯಾರನ್ನು ಇದ್ದಲ್ಲೇ ಇಡುವುದು ಎಂಬುದೆಲ್ಲ ಮೀಟಿಂಗ್ ರೂಮಿನಲ್ಲಿ ಅಲ್ಲ, ಅಲ್ಲಿ ಬೆಣ್ಣೆ ಸವರುತ್ತಾ ತೀರ್ಮಾನವಾಗುತ್ತದೆ ಎಂದು ನನಗೆ ತಿಳಿಯುವಷ್ಟರಲ್ಲಿ ನಾನು ಮೂರು ವರ್ಷ ಇದ್ದಲ್ಲೇ ಇದ್ದೆ. ತಕ್ಷಣ ಹೋಗಿ ನನಗೂ ಬ್ರೆಡ್ ಎಂದರೆ ಪ್ರಾಣ ಎಂದೆ. ಅವನ ಕಣ್ಣು ತುಂಬಿ ಬಂತು. ಮರುದಿನ ಒಂದು ಬಾಟಲಿಯಲ್ಲಿ ಬಬ್ಲುವಿನ ಒಂದು ಭಾಗ ತಂದು ನನ್ನ ಕೈಗಿಟ್ಟು, "ಹುಷಾರು ಗುರು, ಇದು ಜೀವ" ಎಂದ. ತಿಂಗಳ ಕೊನೆಯ ಭಾನುವಾರ ನಾನೇ ಮಾಡಿದ ಬ್ರೆಡ್ ತರುತ್ತೇನೆಂದು ನಾನು ಎಲ್ಲರ ಎದುರು ಮಾತು ಕೊಟ್ಟೆ.

ಈ ಜೀವವನ್ನು ಸಾಕುವುದರಲ್ಲಿ ಒಂದು ನಿಯಮವಿದೆ. ದಿನವೂ ಹೊಸ ಹಿಟ್ಟು ಹಾಕುವ ಮೊದಲು ಹಳೆಯದರಲ್ಲಿ ಅರ್ಧ ತೆಗೆದು ಎಸೆಯಬೇಕು. ಎಸೆಯುವ ಅರ್ಧಕ್ಕೆ ಡಿಸ್ಕಾರ್ಡ್ ಎನ್ನುತ್ತಾರೆ. ಮೊದಲ ದಿನ ನಾನು ಅದನ್ನು ಸಿಂಕಿಗೆ ಸುರಿಯಲು ಹೋದಾಗ ನನ್ನ ಹೆಂಡತಿ ಗಿರಿಜೆ ಕೈ ಹಿಡಿದಳು. ದಾವಣಗೆರೆಯವಳು. ಅವಳ ಮನೆತನದಲ್ಲಿ ಹಿಟ್ಟು ಚೆಲ್ಲಿದವರು ಯಾರೂ ಇಲ್ಲ.

"ಯಾಕ್ರೀ ಚೆಲ್ತೀರಾ?"

"ಚೆಲ್ಲದಿದ್ರೆ ಜಾಸ್ತಿ ಆಗುತ್ತೆ."

"ಜಾಸ್ತಿ ಆದ್ರೆ ದೋಸೆ ಹುಯ್ದ್ರಾಯ್ತು. ಚೆಲ್ಲೋಕೆ ಅಂತ ಯಾರಾದ್ರೂ ಹಿಟ್ಟು ಕಲಸ್ತಾರಾ?"

ಮುಂದುವರಿದ ದೇಶಗಳವರು ಕಲಸುತ್ತಾರೆ ಎಂದು ಹೇಳಬಹುದಿತ್ತು. ಅಷ್ಟರಲ್ಲಿ ಗಿರಿಜೆ ಬಾಟಲಿಯನ್ನೂ ಅದರಿಂದ ತೆಗೆದ ಅರ್ಧವಿದ್ದ ಪಾತ್ರೆಯನ್ನೂ ಪಕ್ಕಪಕ್ಕದಲ್ಲಿಟ್ಟು, "ಒಂದೇ ಹಿಟ್ಟು. ಇದು ಜೀವ, ಇದು ಕಸ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ನಾನು ಬಗ್ಗಿ ನೋಡಿದೆ, ಮೂಸಿಯೂ ನೋಡಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಡಿಸ್ಕಾರ್ಡಿನ ರಾಜ್ಯಭಾರ ಆರಂಭವಾಯಿತು. ಬೆಳಗ್ಗೆ ಡಿಸ್ಕಾರ್ಡ್ ದೋಸೆ, ಸಂಜೆ ಡಿಸ್ಕಾರ್ಡಿನಲ್ಲಿ ಅದ್ದಿದ ಮಿರ್ಚಿ, ನಡುವೆ ಡಿಸ್ಕಾರ್ಡ್ ಪಡ್ಡು. ಚಪಾತಿಗೂ ಅದು ಬಿತ್ತು, ತಾಲಿಪಟ್ಟಿಗೂ ಬಿತ್ತು. ಮಗಳು ಒಂದು ದಿನ ತಟ್ಟೆ ಮುಂದೆ ಕೂತು "ಅಮ್ಮಾ, ಇದರಲ್ಲಿ ಬಬ್ಲು ಇಲ್ಲ ತಾನೆ?" ಎಂದು ಕೇಳಿ ತಿನ್ನುವಂತಾಯಿತು. ಆದರೂ ಮುಗಿಯಲಿಲ್ಲ. ಆಗ ಗಿರಿಜೆ ಒಂದು ಡಬ್ಬಿ ಡಿಸ್ಕಾರ್ಡನ್ನು ಕೆಳಗಿನ ಮನೆಯ ರಾಜೇಶ್ವರಿಯಮ್ಮನಿಗೆ ಕೊಟ್ಟು ಬಂದಳು. ರಾಜೇಶ್ವರಿಯಮ್ಮ ನಮ್ಮ ಓನರ್ರು. ಕೊಟ್ಟ ಡಬ್ಬಿಯನ್ನು ಖಾಲಿ ವಾಪಸ್ ಕಳಿಸುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಅವರು ಅದರಿಂದಲೇ ಪಣಿಯಾರ ಮಾಡಿ ಡಬ್ಬಿ ತುಂಬಿಸಿ ಕಳಿಸಿದರು. ಖಾಲಿಯಾದ ಆ ಡಬ್ಬಿಗೆ ಗಿರಿಜೆ ಮತ್ತೆ ಡಿಸ್ಕಾರ್ಡ್ ತುಂಬಿಸಿದಳು. ಹೀಗೆ ಮೆಟ್ಟಿಲ ಮೇಲೆ ಒಂದೇ ಹಿಟ್ಟು ಬೇರೆ ಬೇರೆ ವೇಷ ಹಾಕಿಕೊಂಡು ಹತ್ತುತ್ತಾ ಇಳಿಯುತ್ತಾ ಇತ್ತು. ರಾಜೇಶ್ವರಿಯಮ್ಮ ಒಂದಿಷ್ಟನ್ನು ಸ್ಟೀಲ್ ಡಬ್ಬಿಯಲ್ಲಿ ಎತ್ತಿಟ್ಟು, ಅದಕ್ಕೆ ಕುಂಕುಮದ ಬೊಟ್ಟಿಟ್ಟು, ತಮ್ಮದೇ ಒಂದು ಬಬ್ಲುವನ್ನು ಸಾಕತೊಡಗಿದರು.

ಇಷ್ಟೆಲ್ಲದರ ನಡುವೆ ಬ್ರೆಡ್ ಏನಾಯಿತು ಎಂದು ನೀವು ಕೇಳಬಹುದು. ಕೇಳದಿದ್ದರೆ ಒಳ್ಳೆಯದಿತ್ತು. ಮೊದಲನೆಯದಕ್ಕೆ ಚಾಕು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಎರಡನೆಯದಕ್ಕೆ ಒಳಗೂ ಹೋಗಲಿಲ್ಲ. ಮೂರನೆಯದು ಮಾತ್ರ ಸ್ವಲ್ಪ ಮೆತ್ತಗಾಗಿ, ಒಂದೆರಡು ತೂತು ಕಾಣಿಸಿ, ನನ್ನಲ್ಲಿ ಆಸೆ ಹುಟ್ಟಿಸಿತು. ಕೊನೆಯ ಭಾನುವಾರದ ಹೊತ್ತಿಗೆ ಗೆದ್ದೇಬಿಡುತ್ತೇನೆ ಎನ್ನಿಸಿತು.

ಆ ಭಾನುವಾರದ ಹಿಂದಿನ ದಿನ ನಾನು ಒಳ್ಳೆಯ ಗೋಧಿಹಿಟ್ಟು ಹುಡುಕಿಕೊಂಡು ಹಲಸೂರಿನ ಅಂಗಡಿಗಳನ್ನೆಲ್ಲ ಸುತ್ತಿ ಮುಸ್ಸಂಜೆಗೆ ಮನೆಗೆ ಬಂದೆ. ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿಗಳಿದ್ದವು. ಗಿರಿಜೆಯ ಅಣ್ಣ ಸಂಸಾರ ಸಮೇತ ದಾವಣಗೆರೆಯಿಂದ ಹೇಳದೆ ಕೇಳದೆ ಬಂದಿದ್ದರು. ಭಾವ ಸೋಫಾದಲ್ಲಿ ಒರಗಿ, "ದೋಸೆ ಭಾಳ ಚಲೋ ಇದ್ವು ನೋಡ್ರಿ" ಎಂದರು. ಅಡುಗೆಮನೆಗೆ ಓಡಿದೆ. ನನ್ನ ಗಾಜಿನ ಬಾಟಲಿ ತೊಳೆದು, ಫಳಫಳ ಹೊಳೆಯುತ್ತಾ, ಬೋರಲು ಬಿದ್ದಿತ್ತು.

"ಐದು ಜನ ಬಂದ್ರು ರೀ. ಹಿಟ್ಟು ಸಾಲ್ದೇ ಬಂತು," ಎಂದಳು ಗಿರಿಜೆ. "ಡಬ್ಬಿದು ಹುಯ್ದೆ, ಆಮೇಲೆ ಬಾಟ್ಲಿದೂ ಹುಯ್ದೆ. ಎರಡೂ ಒಂದೇ ತಾನೆ?"

ಬಂದವರ ಎದುರು ಕೂಗಾಡುವಂತಿಲ್ಲ. ಬಾಟಲಿ ಹಿಡಿದು ಕೆಳಗಿಳಿದು ರಾಜೇಶ್ವರಿಯಮ್ಮನ ಬಾಗಿಲು ತಟ್ಟಿದೆ. ಆ ಹೊತ್ತಿಗೆ ಹಿಟ್ಟು ಕಲಸಿಟ್ಟರೆ ಮಾತ್ರ ಬೆಳಗ್ಗೆ ಬೇಯಿಸಬಹುದಿತ್ತು. ಒಂದು ಸೌಟು ಸ್ಟಾರ್ಟರ್ ಬೇಕು ಎಂದೆ. ಅವರು ನನ್ನನ್ನು ನೋಡಿದರು, ದೇವರ ಮನೆಯ ಕಡೆ ತಿರುಗಿ ನೋಡಿದರು.

"ದೀಪ ಹಚ್ಚಾಯ್ತಲ್ಲಪ್ಪಾ. ಈಗ ಹೆಪ್ಪು ಕೊಡೋಕಾಗುತ್ತಾ? ಬೆಳಗ್ಗೆ ಬಾ, ಎರಡು ಸೌಟು ಕೊಡ್ತೀನಿ."

"ಆಂಟಿ, ಇದು ಮೊಸರಿನ ಹೆಪ್ಪಲ್ಲ. ಸ್ಟಾರ್ಟರ್ರು."

"ಹಾಕಿಟ್ರೆ ಹುಳಿ ಬರುತ್ತೆ ತಾನೆ?"

"ಬರುತ್ತೆ."

"ಮತ್ತೆ? ಹೆಪ್ಪೇ ಅದು. ದೀಪ ಹಚ್ಚಿದ ಮೇಲೆ ಕೊಟ್ರೆ ಲಕ್ಷ್ಮಿ ಮನೆ ಬಿಟ್ಟು ಹೋಗ್ತಾಳೆ ಕಣ್ಣಾ."

ತಿಂಗಳ ಮೊದಲ ವಾರ ನಮ್ಮ ಮನೆಯಿಂದಲೇ ಹೊರಟು ಅವರ ಮನೆ ಸೇರುವ ಲಕ್ಷ್ಮಿ ಒಂದು ಸೌಟು ಹಿಟ್ಟಿಗೆ ಹೇಗೆ ಮುನಿಸಿಕೊಳ್ಳುತ್ತಾಳೆ ಎಂದು ಕೇಳಬೇಕೆನಿಸಿತು. ಆದರೆ ಅದು ಬಾಡಿಗೆದಾರ ಕೇಳಬಹುದಾದ ಪ್ರಶ್ನೆಯಲ್ಲ. ಖಾಲಿ ಬಾಟಲಿ ಹಿಡಿದು ಮೇಲೆ ಬಂದು, "ನಾಳೆ ಬೇಗ ಹೋಗಿ ನಿಖಿಲ್ ಮನೆಯಲ್ಲೇ ಬ್ರೆಡ್ ಮಾಡ್ತೀನಿ" ಎಂದು ಗಿರಿಜೆಗೆ ಹೇಳಿದೆ.

ಬೆಳಗ್ಗೆ ಇಂದಿರಾನಗರದ ಒಂದು ಬೇಕರಿಗೆ ಹೋದೆ. ಬೇಕರಿ ಎಂದರೆ ನಮ್ಮ ಖಾರ ಬನ್ನು, ಪಫ್ಸು ಇರುವ ಬೇಕರಿಯಲ್ಲ. ಮಾತಾಡಲು ದನಿ ತಗ್ಗಿಸಬೇಕಾದ ಜಾಗ. ಅವರ ಸೋರ್‌ಡೋಗೆ ಊರಿನಲ್ಲೆಲ್ಲ ಹೆಸರಿದೆ. ಒಂದನ್ನು ಕೊಂಡು, ರಸ್ತೆ ತಿರುವಿನಲ್ಲಿ ನಿಂತು ಕಾಗದದ ಕವರ್ ಬಿಚ್ಚಿ ಎಸೆದು, ಮನೆಯಿಂದ ತಂದ ಹತ್ತಿ ಟವೆಲಿನಲ್ಲಿ ಸುತ್ತಿಕೊಂಡೆ. ಮನೆಯಲ್ಲಿ ಮಾಡಿದ ಕಳೆ ಬರಲೆಂದು ಮೇಲೆ ಸ್ವಲ್ಪ ಹಿಟ್ಟನ್ನೂ ಉದುರಿಸಿದೆ.

ಕೂಟದಲ್ಲಿ ನಿಖಿಲ್ ನನ್ನ ಬ್ರೆಡ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ತಳವನ್ನು ಬೆರಳಿನಿಂದ ಬಡಿದು, ಕಿವಿಗೆ ಹಿಡಿದು ಕೇಳಿದ. ಕತ್ತರಿಸಿ ಬೆಳಕಿಗೆ ಹಿಡಿದ. ನನಗೆ ಸಿಕ್ಕಿಬಿದ್ದೆ ಎನ್ನಿಸಿತು.

"ಫಸ್ಟ್ ಟೈಮ್‌ಗೆ ಓಕೆ," ಎಂದ. "ಆದ್ರೆ ಹಿಟ್ಟು ಇನ್ನೂ ಸ್ವಲ್ಪ ಹೊತ್ತು ಉಬ್ಬೋಕೆ ಬಿಡ್ಬೇಕಿತ್ತು. ನಿಮಗೆ ಪೇಶನ್ಸ್ ಇಲ್ಲ ಗುರು. ನಿಮ್ ಕೆಲಸದಲ್ಲೂ ನಾನ್ ಇದನ್ನೇ ನೋಡಿದೀನಿ."

ಯಾವನೋ ಗುರುತಿಲ್ಲದ ಬೇಕರಿಯವನು ಮಾಡಿದ ಬ್ರೆಡ್ಡಿನಲ್ಲಿ ನನ್ನ ಮೂರು ವರ್ಷದ ಗುಣದೋಷಗಳೆಲ್ಲ ಅವನಿಗೆ ಸ್ಪಷ್ಟವಾಗಿ ಕಂಡವು. ಉಳಿದವರು ತಲೆದೂಗಿದರು. ನಾನೂ ದೂಗಿದೆ. ಆಮೇಲೆ ಅವನು ಬೆನ್ನು ತಟ್ಟಿ, "ಪ್ರತಿ ಸಂಡೇ ಬನ್ನಿ, ಇಂಪ್ರೂವ್ ಆಗ್ತೀರಾ. ಹೊಸ ಪ್ರಾಜೆಕ್ಟ್ ಬಗ್ಗೆನೂ ಮಾತಾಡೋಣ" ಎಂದ. ನಾನು ಅಂತೂ ಒಳಗೆ ಸೇರಿದ್ದೆ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಉಳಿದ ಅರ್ಧ ಬ್ರೆಡ್ಡನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ. ಗಿರಿಜೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಮುರಿದಳು. "ರೀ, ಇವತ್ತು ಎಷ್ಟು ಚೆನ್ನಾಗ್ ಬಂದಿದೆ! ಅಂತೂ ಕಲಿತ್ರಲ್ಲ," ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಇಂಥ ಮಾತಿಗಾಗಿ ನಾನು ಕಾದಿದ್ದೆ. ಅದು ಈ ಬ್ರೆಡ್ಡಿಗೇ ಬರಬೇಕೆ! ಹೊಟ್ಟೆ ಉರಿದುಹೋಯಿತು. ಆದರೂ ಮುಖ ತುಂಬ ನಕ್ಕೆ.

ಮರುದಿನ ಬೆಳಗ್ಗೆ ರಾಜೇಶ್ವರಿಯಮ್ಮ ಹೇಳಿದಂತೆ ಎರಡು ಸೌಟು ಕೊಟ್ಟರು. ಬಾಟಲಿ ಮತ್ತೆ ತುಂಬಿದೆ. ದಿನವೂ ತಪ್ಪದೆ ಅದಕ್ಕೆ ಹಿಟ್ಟು ಹಾಕುತ್ತೇನೆ, ಆದರೆ ಬ್ರೆಡ್ ಮಾಡುವ ಧೈರ್ಯ ಇಲ್ಲ. ನಾನೇ ಮಾಡಿದ್ದು ಆ ಕೂಟದಲ್ಲಿ ಒಮ್ಮೆ ಕಾಣಿಸಿದರೆ ಪ್ರಾಜೆಕ್ಟು ಹೋಗುತ್ತದೆ, ಮನೆಯಲ್ಲಿ ಕಾಣಿಸಿದರೆ ಆ ಹೊಗಳಿಕೆ ಹೋಗುತ್ತದೆ. ಹೀಗಾಗಿ ಹಿಟ್ಟೆಲ್ಲ ದೋಸೆಗೆ, ಪಡ್ಡಿಗೆ. ಭಾನುವಾರ ಮಾತ್ರ ನಾನು ಟವೆಲು ಹಿಡಿದು ನಿಖಿಲ್ ಮನೆಗೆ ಬ್ರೆಡ್ ಮಾಡಲು ಬೇಗ ಹೊರಡುತ್ತೇನೆ.

ಮೊನ್ನೆ ಭಾನುವಾರ ಹೀಗೆ ಹೊರಟಾಗ ಗಿರಿಜೆ ಬಾಗಿಲವರೆಗೂ ಬಂದು ಒಂದು ಬಟ್ಟೆ ಚೀಲ ಕೈಗಿತ್ತಳು. ಮುಖದಲ್ಲಿ ಏನೂ ಇರಲಿಲ್ಲ.

"ಬ್ರೆಡ್ ಮಾಡೋಕೆ ಹೋಗ್ತೀರಲ್ಲ, ಹಂಗೇ ಅದೇ ಕೌಂಟರ್‌ನಲ್ಲಿ ಒಂದು ಡಬ್ಬ ಬೆಣ್ಣೆನೂ ಮಾಡ್ಕೊಂಡು ಬನ್ನಿ."

ನಾನು ಚೀಲ ಮಡಚಿ ಜೇಬಿಗಿಟ್ಟುಕೊಂಡೆ. ಉಪ್ಪು ಹಾಕಿದ್ದೋ, ಹಾಕದೇ ಇರುವುದೋ ಎಂದಷ್ಟೇ ಕೇಳಿದೆ.