ಜಪಾನಿನ ಕೊಕ್ಕರೆ, ಮನೆಯ ಮಂಜು

ಬಲ್ಲವನಂತೆ ಮಾತಾಡುವ ಚಟ ಒಮ್ಮೆ ಅಂಟಿತೆಂದರೆ ಬಿಡಿಸಿಕೊಳ್ಳುವುದು ಕಷ್ಟ. ನನಗದು ಅಂಟಿದ್ದು ನಿಜಾಮರ ಕಾಲದಲ್ಲಿ, ವಾಡಿ ಸ್ಟೇಶನ್ನಿನ ಪಾರ್ಸಲ್ ಗುಮಾಸ್ತನಾಗಿದ್ದಾಗ. ತನ್ನ ದೇಶಕ್ಕೆ ಹೊರಟ ಗೋರಾ ಸಾಹೇಬನೊಬ್ಬ ನಾಲ್ಕು ಮಡಿಕೆಗಳಾಗಿ ನಿಲ್ಲುವ ಜಪಾನಿ ಪರದೆಯೊಂದನ್ನು ನನಗೆ ಕೊಟ್ಟುಹೋದ. ಕಾಗದದ ಮೇಲೆ ಬರೀ ಕಪ್ಪು ಮಸಿ. ಜೊಂಡಿನ ನಡುವೆ ಒಂಟಿಕಾಲಲ್ಲಿ ನಿಂತ ಕೊಕ್ಕರೆಗಳು. ಬರೆದವನ ಹೆಸರಿಲ್ಲ. ಹೆಸರಿಲ್ಲದ್ದರಿಂದಲೇ ಇದು ಯಾರೋ ಮಹಾಗುರುವಿನ ಕೈಯದೆಂದು, ಅಂಥವರು ಸಹಿ ಹಾಕುವುದೇ ಇಲ್ಲವೆಂದು ಶಹಾಬಾದದಿಂದ ಸೇಡಂವರೆಗೆ ಸಾರಿಬಿಟ್ಟೆ.

“ಇವು ನಮ್ಮ ಕಾಗಿಣಾ ಹೊಳಿ ಕೊಕ್ಕರಿನೇ ಅಲ್ರೀ? ಜಪಾನಕ್ಕ ಯಾವ ಗಾಡಿ ಹತ್ತಿ ಹೋಗಿದ್ದವು?” ಎಂದಳು ಹೆಂಡತಿ. ಅವಳಿಗೆ ಬೇಕಾಗಿದ್ದದ್ದು ಬಚ್ಚಲಿಗೊಂದು ಮರೆ. ಕೊನೆಗೆ ಕರಾರಾಯಿತು: ಚಿತ್ರ ಬಲ್ಲವರು ಗುರುವಿನದೆಂದರೆ ಪಡಸಾಲೆಗೆ, ಇಲ್ಲವಾದರೆ ಬಚ್ಚಲಿಗೆ.

ಹೈದರಾಬಾದಿನ ಗಾಡಿಗೆ ಕಾಯುತ್ತಿದ್ದ ವಯಸ್ಸಾದ ಚಿತ್ರಗಾರ ಸಾಹೇಬರೊಬ್ಬರು ಸಿಕ್ಕರು. ರಾತ್ರಿಪಾಳಿ ಮುಗಿಸಿದವನು ಅವರನ್ನು ನೇರ ಮನೆಗೇ ಕರೆತಂದೆ. ಪರದೆ ಕಂಡವನೇ ಹೊಸ್ತಿಲಲ್ಲೇ ನಿಂತುಬಿಟ್ಟೆ. ಹಿಂದಿನ ದಿನ ಮಹಾನವಮಿ. ಬೀಸುವ ಕಲ್ಲು, ಕುಡಗೋಲು, ನನ್ನ ಕೊಡೆಗೂ ವಿಭೂತಿ ಬಳಿದ ಹೆಂಡತಿ ಕೊಕ್ಕರೆಗಳ ಮೇಲೂ ಒದ್ದೆ ವಿಭೂತಿಯ ಮೂರು ಬೆರಳು ಎಳೆದಿದ್ದಳು!

“ಇದೇನ್ ಮಾಡೀಯೇ?” ಎಂದು ಪಿಸುಗುಟ್ಟಿದೆ.

“ದುಡಿಯೂದಕ್ಕೆಲ್ಲ ಇಬತ್ತಿ ಹಚ್ಚಬೇಕ್ರಿ. ಅದು ಗಾಳಿ ತಡೀತದಲ್ಲ?”

ಸಾಹೇಬರು ಕನ್ನಡಕ ಏರಿಸಿದರು. ನಾನು ಕುಳಿತೆ, ಎದ್ದೆ, ಕಿಟಕಿ ಮುಚ್ಚಿದೆ, ಮತ್ತೆ ತೆರೆದೆ. “ಹಕ್ಕಿ ಸಾಧಾರಣ ಅವ. ಶಿಷ್ಯಾ ಬರ್ದಾನ,” ಎಂದರು. ಕಣ್ಣ ಮುಂದೆ ಬಚ್ಚಲು ಸುಳಿಯಿತು. “ಖರೆ ಈ ಮಂಜು ನೋಡ್ರಿ, ವಾಹ್! ಮೂರೇ ಎಳೆತ, ಅಳುಕೇ ಇಲ್ಲ. ಇದು ಉಸ್ತಾದನ ಕೈ!” ಎನ್ನುತ್ತ ಮಂಜನ್ನು ಮುಟ್ಟಲು ಬೆರಳು ಚಾಚಿದರು. ಮುಟ್ಟಿದ್ದರೆ ಉಸ್ತಾದ ಬೆರಳಿಗೇ ಅಂಟಿಕೊಂಡು ಬರುತ್ತಿದ್ದ. “ಅವಲಕ್ಕಿ ಚೂಡಾ ತಗೊಳ್ರಿ ಸಾಹೇಬ್ರ!” ಎಂದು ತಟ್ಟೆಯನ್ನೇ ಆ ಕೈಗೆ ತುರುಕಿದೆ. ಅಷ್ಟರಲ್ಲಿ ಗಾಡಿಯ ಸಿಳ್ಳು ಕೇಳಿತು. ಪುಣ್ಯಾತ್ಮರು ಮುಷ್ಟಿ ತುಂಬ ಚೂಡಾ ಹಿಡಿದೇ ಓಡಿದರು.

ಹೆಂಡತಿ ತನ್ನ ಮೂರು ಬೆರಳುಗಳನ್ನು ತಿರುವಿ ನೋಡಿಕೊಂಡಳು. “ಉಸ್ತಾದ ಜಳಕಾ ಮಾಡ್ತಾನ್ರಿ. ಬಚ್ಚಲಕ್ಕ ಮರೆ ಇಲ್ಲ, ನಿಮ್ಮ ಧೋತರ ಕೊಡ್ರಿ,” ಎಂದಳು.

ಕೊಟ್ಟೆ. ಅದು ಇನ್ನೂ ಅಲ್ಲೇ ನೇತಾಡುತ್ತಿದೆ. ಪಡಸಾಲೆಯಲ್ಲಿ ಮಹಾನವಮಿಯಿಂದ ಮಹಾನವಮಿಗೆ ಮಂಜು ದಟ್ಟವಾಗಿ ಶಿಷ್ಯನ ಕೊಕ್ಕರೆಗಳು ಅರ್ಧ ಮುಳುಗಿವೆ. ಬಂದವರು ಇದನ್ನು ಬರೆದವರಾರೆಂದು ಕೇಳಿದರೆ ಬಾಯಿ ತೆರೆಯುವ ಮೊದಲು ನಾನೂ ಒಂಟಿಕಾಲಲ್ಲಿ ನಿಂತು, ಒಳಗೆ ಬಳೆಯ ಸದ್ದಾಗುತ್ತಿದೆಯೇ ಎಂದು ಕತ್ತು ಚಾಚಿ ಆಲಿಸುತ್ತೇನೆ.