ಗೆರೆ ಕಂಡರೆ ಪುಕ್ಕಟೆ

ಆ ದಿನ ಬೆಳಿಗ್ಗೆ ಸಂಕರ್ಷಣ ಮೆಷಿನ್ನಿಗೆ ಹೊಸ ಕಾಗದದ ರೋಲು ಹಾಕಿ, ಮುಚ್ಚಳ ತೆರೆದೇ ಬಿಟ್ಟು ಗಂಗೆಗೆ ಸ್ನಾನಕ್ಕೆ ಹೋದ. ಮುಚ್ಚಿ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಮುಚ್ಚಲಿಲ್ಲ.

ಮೆಷಿನ್ ಎಂದರೆ ಅಡುಗೆಮನೆಯ ಮಿಕ್ಸಿಯಂಥದ್ದಲ್ಲ. ಮಂಚದಷ್ಟು ಉದ್ದದ ಫೋಟೋ ಪ್ರಿಂಟರು. ಮೊಬೈಲಿನಲ್ಲಿ ಬೆರಳಷ್ಟಿದ್ದ ಮನುಷ್ಯನನ್ನು ನಿಜವಾದ ಆಳಿನಷ್ಟು ದೊಡ್ಡದಾಗಿ ಕಾಗದದ ಮೇಲೆ ಇಳಿಸಿಕೊಡುತ್ತಿತ್ತು. ಅದನ್ನು ಕೂಲಿಯವರು ಹೊತ್ತು ತರುವಾಗ ಗಲ್ಲಿಯಲ್ಲಿ ಎದುರಾದ ಗೂಳಿ ತಾನೇ ಹಿಂದೆ ಸರಿದು ದಾರಿ ಬಿಟ್ಟಿತು ಎಂದು ಸಂಕರ್ಷಣ ಇವತ್ತಿಗೂ ಹೇಳಿಕೊಳ್ಳುತ್ತಾನೆ. ಕಾಶಿಯ ಗೂಳಿ ಯಾರಿಗೂ ದಾರಿ ಬಿಟ್ಟದ್ದಿಲ್ಲ. ಇರಲಿ, ಅವನ ಹೆಮ್ಮೆಗೆ ನಾವೇಕೆ ಅಡ್ಡ ಬರೋಣ.

ಆ ಹೆಮ್ಮೆ ಅಂಗಡಿಯ ಬಾಗಿಲ ಮೇಲೂ ಏರಿ ಕೂತಿತ್ತು. ಹಿಂದಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬೋರ್ಡು ಬರೆಸಿದ್ದ: ‘ನಮ್ಮ ಫೋಟೋದಲ್ಲಿ ಒಂದು ಗೆರೆ ಕಂಡರೂ ಫೋಟೋ ಪುಕ್ಕಟೆ.’ ದೊಡ್ಡ ಫೋಟೋದ ಕಸುಬಿನಲ್ಲಿ ಗೆರೆ ಎಂಬುದೇ ದೊಡ್ಡ ಶತ್ರು. ಶಾಯಿ ಉಗುಳುವ ತಲೆ ಅತ್ತಿಂದಿತ್ತ ಓಡುತ್ತದೆ, ಕಾಗದ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತದೆ. ಎರಡರ ಲೆಕ್ಕ ಕೂದಲಷ್ಟು ತಪ್ಪಿದರೂ ಫೋಟೋದ ಮೇಲೆ ಅಡ್ಡಡ್ಡ ಪಟ್ಟಿ ಬೀಳುತ್ತದೆ. ವಿಶ್ವನಾಥ ಗಲ್ಲಿಯ ಸುತ್ತಮುತ್ತ ಅಂಥ ಬೋರ್ಡು ಹಾಕುವ ಎದೆಗಾರಿಕೆ ಬೇರೆ ಯಾರಿಗೂ ಇರಲಿಲ್ಲ.

ಆದರೆ ಬೋರ್ಡನ್ನು ಓದಿಯೂ ಓದದ ಹಾಗೆ ಇದ್ದವರು ಒಬ್ಬರಿದ್ದರು. ಮಹಡಿಯ ಮೇಲೇ ವಾಸವಾಗಿದ್ದ ಅವನ ತಂದೆ ವಿಷ್ಣುತೀರ್ಥಾಚಾರ್ಯರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವುದು ಅವರ ಅಜ್ಜನ ಕಾಲದಿಂದ ಬಂದ ವೃತ್ತಿ. ಮಗ ಅದನ್ನು ಬಿಟ್ಟು ‘ಬಣ್ಣದ ನೀರಿನ ಕಸುಬು’ ಹಿಡಿದ. ಯಾತ್ರಿಕರು ‘ಮಗ ಏನು ಮಾಡ್ತಾನೆ ಆಚಾರ್ರೆ’ ಎಂದು ಕೇಳಿದರೆ ಅವರು ‘ಇಲ್ಲೇ ಇದಾನೆ’ ಎಂದು ಹೇಳಿ ದರ್ಭೆ ಹುಡುಕತೊಡಗುತ್ತಿದ್ದರು. ಪ್ರತಿ ಸಲ ಅದು ಕಿವಿಗೆ ಬಿದ್ದಾಗಲೂ ಸಂಕರ್ಷಣನ ಮುಖ ಸಣ್ಣದಾಗುತ್ತಿತ್ತು. ಒಂದೇ ಒಂದು ಸಲ, ನಾಲ್ಕು ಜನರ ಎದುರು, ‘ಇದು ನನ್ನ ಮಗ ಮಾಡಿದ್ದು’ ಎಂದು ಅಪ್ಪನ ಬಾಯಿಂದ ಕೇಳಬೇಕು. ಬೇರೆ ಆಸೆ ಅವನಿಗೆ ಇರಲಿಲ್ಲ.

ಆ ಮುಹೂರ್ತ ಅಂದು ಸಂಜೆ ಬರುವುದಿತ್ತು. ಕನ್ನಡದವರ ಛತ್ರದಲ್ಲಿ ವರ್ಷಾನುಗಟ್ಟಲೆ ಅಡುಗೆ ನೋಡಿಕೊಂಡು, ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕಿ ಕಣ್ಣು ಮುಚ್ಚಿದ ಪ್ರಭುಲಿಂಗಯ್ಯನವರ ಫೋಟೋ ಅನಾವರಣ. ಆಚಾರ್ಯರಿಗೆ ಅವರು ಜೀವದ ಗೆಳೆಯ. ದಿನಾ ಬೆಳಿಗ್ಗೆ ಘಾಟಿನ ಮೆಟ್ಟಿಲ ಮೇಲೆ ಇವರ ನಾಮ ಹೆಚ್ಚೋ ಅವರ ವಿಭೂತಿ ಹೆಚ್ಚೋ ಎಂದು ಜಗಳವಾಡಿ, ಆಮೇಲೆ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು.

ಸಿಕ್ಕಿದ್ದು ಒಂದೇ ಫೋಟೋ. ಯಾರೋ ಯಾತ್ರಿಕರು ಮೊಬೈಲಿನಲ್ಲಿ ಹೊಡೆದದ್ದು. ಸುಣ್ಣ ಬಳಿದ ಬಿಳಿ ಗೋಡೆಯ ಎದುರು, ಬಿಳಿ ಪಂಚೆ ಉಟ್ಟು, ಕಪ್ಪು ಮೈ ಬರಿದಾಗಿ, ಕೈಯಲ್ಲಿ ಸೌಟು ಹಿಡಿದು ನಗುತ್ತ ನಿಂತಿದ್ದರು. ಒಲೆಯ ಬೆವರಿಗೆ ವಿಭೂತಿ ಪೂರ್ತಿ ತೊಳೆದು ಹೋಗಿತ್ತು. ಅವರ ಹೆಂಡತಿ ತುಳಸಮ್ಮ ಹೋದ ವಾರ ಅಂಗಡಿಗೆ ಬಂದು, “ತಮ್ಮಾ, ವಿಭೂತಿ ಇಲ್ಲದ ಅವರನ್ನ ನಾ ಒಂದಿನಾನೂ ನೋಡಿಲ್ಲ. ಹಣಿ ಮ್ಯಾಲ ಒಂದೀಟು ಬರದು ಕೊಡಾಕ ಆಗ್ತೈತೇನು?” ಎಂದು ಕೇಳಿದ್ದರು.

“ಇಲ್ಲದ್ದನ್ನ ನಾನು ಬರೆಯೋದಿಲ್ಲಮ್ಮ. ನನ್ನ ಮೆಷಿನ್ ಇದ್ದದ್ದನ್ನ ಇದ್ದ ಹಾಗೆ ತೋರಿಸುತ್ತೆ” ಎಂದು ಸಂಕರ್ಷಣ ಕತ್ತು ಎತ್ತಿ ಹೇಳಿದ್ದ. ಮುದುಕಿ ಸೆರಗು ಹೊದ್ದುಕೊಂಡು ಹೊರಟು ಹೋಗಿದ್ದರು.

ಸ್ನಾನ ಮುಗಿಸಿ ಬಂದು ಮುಚ್ಚಳ ಹಾಕಿ ಪ್ರಿಂಟು ಕೊಟ್ಟ. ಪ್ರಭುಲಿಂಗಯ್ಯನವರು ತಲೆಯ ಕಡೆಯಿಂದ ನಿಧಾನವಾಗಿ ಹೊರಗೆ ಬರತೊಡಗಿದರು. ಹಣೆ ಬಂತು. ಹಣೆಯ ಮೇಲೆ ಮೂರು ಬಿಳಿ ಗೆರೆ. ಕುತ್ತಿಗೆ ಬಂತು, ಅಲ್ಲೂ ಮೂರು. ಎದೆ ಮತ್ತು ತೋಳಿನ ಮೇಲೆ ಮೂರು, ಹೊಟ್ಟೆಯ ಮೇಲೆ ಮೂರು. ಹಿಂದಿನ ಗೋಡೆಯೂ ಪಂಚೆಯೂ ಬೆಳ್ಳಗಿದ್ದುದರಿಂದ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಮೈ ಮೇಲೆ ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು. ಸಂಕರ್ಷಣ ಬಾಗಿಲ ಕಡೆ ಕಣ್ಣು ಹಾಯಿಸಿದ. ಯಾರಾದರೂ ನೋಡಿಯಾರೆಂದು ಆ ಫೋಟೋವನ್ನು ಸುತ್ತಿ ಮಂಚದ ಕೆಳಗೆ ತಳ್ಳಿದ.

ಶಾಯಿಯ ತೂತು ಕಟ್ಟಿಕೊಂಡಿರಬೇಕೆಂದು ಪರೀಕ್ಷೆಯ ಚೀಟಿ ಹೊಡೆದ. ಬೆರಳುದ್ದದ ಚೀಟಿ, ಒಂದು ಎಳೆಯೂ ತಪ್ಪದೆ ಬಂತು. ಆದರೂ ಇರಲಿ ಎಂದು ತಲೆಯನ್ನು ತೊಳೆಯುವ ಗುಂಡಿ ಒತ್ತಿದ. ಮತ್ತೊಮ್ಮೆ ಒತ್ತಿದ. ಮೆಷಿನ್ನು ಗಟಗಟ ಶಾಯಿ ಕುಡಿಯಿತು. ಮತ್ತೆ ಚೀಟಿ ಹೊಡೆದರೆ ಮತ್ತೆ ಚೊಕ್ಕ. ಪರೀಕ್ಷೆಯಲ್ಲಿ ಮೆಷಿನ್ನು ಪಾಸು, ಫೋಟೋದಲ್ಲಿ ಫೇಲು.

“ಏನ್ ಆಗೇತ್ರಿ ಗುರು?” ಪಕ್ಕದ ಪಾನ್ ಅಂಗಡಿಯ ಲಲ್ಲನ್ ತಲೆ ಹಾಕಿದ. ಹುಟ್ಟಿ ಬೆಳೆದದ್ದು ಕಾಶಿಯಲ್ಲೇ, ಆದರೆ ಹುಬ್ಬಳ್ಳಿ ಕಡೆಯ ಯಾತ್ರಿಕರಿಗೆ ಪಾನ್ ಕಟ್ಟಿಕೊಟ್ಟು ಅವರ ಕನ್ನಡ ಕಲಿತುಬಿಟ್ಟಿದ್ದ.

“ಏನಿಲ್ಲ. ಲೈನ್ ಹೊಡೀತಿದೆ ಅಷ್ಟೆ.”

“ಕರೆಂಟು ವೀಕ್ ಐತ್ರಿ. ನಮ್ಮ ಫ್ರಿಜ್ಜಿನ ಸ್ಟೆಬಿಲೈಜರ್ ಕೊಡ್ತೀನಿ, ತಗೋರಿ.”

ಬೇಡ ಎನ್ನುವಷ್ಟರಲ್ಲಿ ಲಲ್ಲನ್ ವೈರು ಎಳೆದು ಸಿಕ್ಕಿಸಿಯೇಬಿಟ್ಟ. ಠಪ್ ಎಂದು ಒಂದು ಸದ್ದು. ಅಂಗಡಿಯಷ್ಟೇ ಅಲ್ಲ, ಇಡೀ ಸಂದಿಯ ದೀಪ ಹೋಯಿತು. ಲಸ್ಸಿಯವನ ಮಿಕ್ಸರು ನಿಂತಿತು, ಸೀರೆ ಅಂಗಡಿಯವನು ಗಿರಾಕಿಯನ್ನು ಕತ್ತಲಲ್ಲೇ ಬಿಟ್ಟು ಬೀದಿಗೆ ಬಂದ. ಎಲ್ಲರೂ ಸೇರಿ ಬೈದದ್ದು ಮಾತ್ರ ಸಂಕರ್ಷಣನನ್ನು. ಲಲ್ಲನ್ ಕೂಡ ಆ ಗುಂಪಿನಲ್ಲಿ ನಿಂತು ‘ಛೇ ಛೇ’ ಎನ್ನುತ್ತಿದ್ದ.

ಫ್ಯೂಜು ಕಟ್ಟಿಸಿ ಕರೆಂಟು ಬರುವ ಹೊತ್ತಿಗೆ ಛತ್ರದ ವ್ಯವಸ್ಥಾಪಕರು ಹಾಲಯ್ಯನವರು ಬಂದರು. ಸಂಜೆಯ ಸಮಾರಂಭಕ್ಕೆಂದು ಆಗಲೇ ಇಸ್ತ್ರಿ ಮಾಡಿದ ಬಿಳಿ ಶಲ್ಯ ಹೊದ್ದಿದ್ದರು.

“ಫೋಟೋ ಎಲ್ಲೈತಪ್ಪ? ಕಟ್ಟು ಹಾಕೋನು ಕಾಯಾಕತ್ತಾನ.”

“ಒಂದು ಸಣ್ಣ ತೊಂದರೆ. ಈಗ ಸರಿ ಹೋಗುತ್ತೆ.”

“ಸಣ್ಣದಲ್ರಿ. ಲೈನ್ ಹೊಡಿಯಾಕತ್ತೈತಿ” ಎಂದ ಲಲ್ಲನ್.

ಹಾಲಯ್ಯನವರು ನೋಡೋಣ ಎಂದು ಮುಚ್ಚಳ ಎತ್ತಿ ಬಗ್ಗಿದರು. ಶಲ್ಯದ ತುದಿ ಜಾರಿ ಒಳಗೆ ಬಿತ್ತು. ತೊಳೆಯುವ ಗುಂಗಿನಲ್ಲೇ ಇದ್ದ ಮೆಷಿನ್ನಿನ ತಲೆ ಒಂದು ಸಲ ಓಡಿ ಹೋಯಿತು. ಅಂದು ಬೆಳಿಗ್ಗೆಯಿಂದ ಅದು ಹೊಡೆದದ್ದರಲ್ಲಿ ಅತ್ಯಂತ ನೇರವಾದ ಕಪ್ಪು ಗೆರೆ ಆ ಶಲ್ಯದ ಮೇಲೆ ಬಂತು.

ಹಾಲಯ್ಯನವರು ಶಲ್ಯವನ್ನು ನೋಡಿಕೊಂಡರು. “ಗಂಗಿ ಆಚಿ ರಾಮನಗರದಾಗ ಒಬ್ಬಾವ ಅದಾನಂತ. ಸೇತುವೆ ದಾಟಿ ಹೋದ್ರ ಊಟದ ಹೊತ್ತಿಗೆ ಮಾಡಿಕೊಡ್ತಾನಂತ” ಎಂದರು. ಅವರು ಜೋರು ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

“ಒಂದು ಗಂಟೆ ಕೊಡಿ. ನನ್ನ ಮೆಷಿನ್ನಿಂದ ಬಂದ ಫೋಟೋನೇ ಇವತ್ತು ಗೋಡೆಗೆ ಏರುತ್ತೆ” ಎಂದ ಸಂಕರ್ಷಣ.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಹೆಂಡತಿ ವೇದಾ ಕೊಟ್ಟ ಚಹಾ ಕುಡಿದು, ಮಂಚದ ಕೆಳಗಿನ ಫೋಟೋವನ್ನು ನೆಲದ ಮೇಲೆ ಹಾಸಿ ಕೂತ. ಮೂರು ಗೆರೆ, ಒಂದು ಗೇಣು ಜಾಗ, ಮತ್ತೆ ಮೂರು ಗೆರೆ, ಮತ್ತೆ ಅದೇ ಗೇಣು. ಥಟ್ಟನೆ ಅವನ ತಲೆಗೆ ಹೊಳೆಯಿತು. ತಪ್ಪು ಶಾಯಿಯದಾಗಿದ್ದರೆ ಎಲ್ಲ ಕಡೆಯೂ ಗೆರೆ ಬರಬೇಕಿತ್ತು. ಲೆಕ್ಕ ಹಾಕಿದ ಹಾಗೆ ಗೇಣಿಗೊಮ್ಮೆ ಬರುತ್ತಿದೆ ಎಂದರೆ ಗುಂಡಗೆ ಸುತ್ತುವ ಯಾವುದೋ ವಸ್ತುವಿನದೇ ಕಿತಾಪತಿ. ಚೀಟಿ ಗೇಣಿಗಿಂತ ಚಿಕ್ಕದು, ಅದಕ್ಕೇ ಪಾಸಾಗುತ್ತಿತ್ತು. ಕಾಗದವನ್ನು ಮುಂದೆ ತಳ್ಳುವ ಉರುಳೆಯನ್ನು ಟಾರ್ಚು ಹಾಕಿ ಕೈಯಿಂದ ತಿರುಗಿಸುತ್ತ ಹೋದ.

ಸಿಕ್ಕಿತು. ಉರುಳೆಗೆ ಅಂಟಿಕೊಂಡು ಸಾಲಾಗಿ ಮೂರು ಅಕ್ಕಿ ಕಾಳು. ಅರಿಶಿನ ಬಣ್ಣ, ತುಪ್ಪದ ಜಿಗುಟು. ಒಂದೊಂದು ಕಾಳು ಕಾಗದದ ಕೆಳಗೆ ಬಂದಾಗಲೂ ಕಾಗದ ಕೂದಲಷ್ಟು ಹೆಚ್ಚು ಸರಿದು ಒಂದು ಬಿಳಿ ಗೆರೆ ಉಳಿಯುತ್ತಿತ್ತು.

“ಅಕ್ಷತೆ ಇಲ್ಲಿಗೆ ಹೇಗೆ ಬಂತೇ? ನಿನ್ನ ಪೂಜೆ ಸಾಮಾನು ಇಲ್ಲೆಲ್ಲ ಇಡಬೇಡ ಅಂತ ಎಷ್ಟು ಸಲ ಹೇಳಿದೀನಿ.”

“ನಾನ್ಯಾಕ್ರೀ ಹಾಕ್ಲಿ? ನನ್ನ ಅಕ್ಷತೆ ಬಟ್ಟಲು ದೇವರ ಮನೇಲೇ ಇದೆ” ಎಂದಳು ವೇದಾ.

ಇಲಿಯ ಕೆಲಸವಿರಬೇಕು ಎಂದುಕೊಂಡ. ಕಾಳು ಬಿಡಿಸಿ, ಉರುಳೆ ಒರೆಸಿ, ಮತ್ತೆ ಪ್ರಿಂಟು ಕೊಟ್ಟ. ಈ ಸಲ ಪ್ರಭುಲಿಂಗಯ್ಯನವರು ಬಂದ ಬಗೆಯೇ ಬೇರೆ. ತೋಳಿನ ಮೇಲಿನ ಬೆವರ ಹನಿ ಎಣಿಸಬಹುದಿತ್ತು. ಗೆರೆ ಎಂಬುದು ಹುಡುಕಿದರೂ ಇರಲಿಲ್ಲ. ಇಷ್ಟು ಚೆನ್ನಾಗಿರುವ ಫೋಟೋ ಈ ಊರಲ್ಲಿ ಯಾರೂ ಹೊಡೆದಿಲ್ಲ ಎಂದು ಅವನಿಗೆ ಅನ್ನಿಸಿತು, ಅದು ಸುಳ್ಳೂ ಅಲ್ಲ. ಕಣ್ಣು ಒದ್ದೆ ಮಾಡಿಕೊಂಡು, “ಇದನ್ನ ಜೋಪಾನವಾಗಿ ಸುತ್ತಿ ಹಾಲಯ್ಯನೋರಿಗೆ ಕೊಡು. ನಾನು ಶಾಯಿ ತೊಳಕೊಂಡು ಬರ್ತೀನಿ” ಎಂದು ವೇದಾಳಿಗೆ ಹೇಳಿ ಬಚ್ಚಲಿಗೆ ಹೋದ.

ಸಂಜೆ ಛತ್ರದ ಹಜಾರ ತುಂಬಿತ್ತು. ಮುಂದಿನ ಸಾಲಿನಲ್ಲಿ ತುಳಸಮ್ಮ, ಪಕ್ಕದಲ್ಲಿ ಆಚಾರ್ಯರು. ಸಂಕರ್ಷಣ ಹೊಸ ಜುಬ್ಬಾ ಹಾಕಿಕೊಂಡು ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದ. ಹಾಲಯ್ಯನವರು ಪರದೆ ಎಳೆದರು.

ಹಣೆಯ ಮೇಲೆ ಮೂರು ಗೆರೆ. ಕುತ್ತಿಗೆ, ಎದೆ, ತೋಳು, ಹೊಟ್ಟೆ, ಎಲ್ಲ ಕಡೆಯೂ ಮೂರು ಮೂರು ಗೆರೆ.

ಸಂಕರ್ಷಣನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಹೆಂಡತಿಯ ಕಡೆ ತಿರುಗಿದ. ವೇದಾ ಪಿಸುಗುಟ್ಟಿದಳು: “ಒಳ್ಳೇದಕ್ಕೆ ಮಡಿಕೆ ಬೀಳಬಾರದು ಅಂತ ಕೆಟ್ಟದ್ದನ್ನ ಮೇಲೆ ಸುತ್ತಿ ಕೊಟ್ಟಿದ್ದೆ ಕಣ್ರೀ.”

ಹಾಲಯ್ಯನವರು ಅಷ್ಟರಲ್ಲಿ ಹತ್ತಿರ ಬಂದು, “ಎರಡು ಕೊಟ್ಟಿದ್ರಿ. ಒಂದರಾಗ ವಿಭೂತಿನೇ ಇರಲಿಲ್ಲ. ಅದನ್ನ ಹಿಂದ ಒತ್ತು ಕೊಟ್ಟು ಇದನ್ನ ಮುಂದ ಹಾಕಿಸೀನಿ. ಗ್ವಾಡಿ ತ್ಯಾವ ಹತ್ತಬಾರದಲ್ಲ” ಎಂದರು. ಶಲ್ಯದ ಸಿಟ್ಟು ಅವರ ಮುಖದಲ್ಲಿ ಉಳಿದಿರಲಿಲ್ಲ.

ತುಳಸಮ್ಮ ಎದ್ದರು. ಗೋಡೆಯ ಹತ್ತಿರ ಹೋಗಿ, ಗಂಡನ ಹಣೆಯನ್ನು ಬೆರಳ ತುದಿಯಿಂದ ಮುಟ್ಟಿದರು. “ಬರಿಯಂಗಿಲ್ಲ ಅಂದಿದ್ದಿ. ಬರದೇಬಿಟ್ಟಿಯಲ್ಲ ತಮ್ಮಾ. ಸ್ನಾನ ಮಾಡಿ ಪೂಜಿಗೆ ಕೂತಾಗ ಹಿಂಗ ಇರತಿದ್ರು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಆಚಾರ್ಯರು ಮಗನ ಹೆಗಲ ಮೇಲೆ ಕೈಯಿಟ್ಟರು. “ಇಷ್ಟು ವರ್ಷ ಇವನ ವಿಭೂತಿ ವಿಷಯಕ್ಕೆ ಜಗಳ ಆಡಿದವನು ನಾನು. ಈಗ ಅದನ್ನ ನೋಡಿದರೆ ಹೊಟ್ಟೆ ತುಂಬಿತು. ಇದು ನನ್ನ ಮಗ ಮಾಡಿದ್ದು” ಎಂದರು, ಹಜಾರಕ್ಕೆಲ್ಲ ಕೇಳುವ ಹಾಗೆ.

ಜನ್ಮವೆಲ್ಲ ಕಾದ ಮಾತು. ಬಂದದ್ದು ಮಾತ್ರ ಕೆಟ್ಟ ಪ್ರಿಂಟಿಗೆ. ಸಂಕರ್ಷಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಅಪ್ಪ, ಅದು ನಾನು ಬರೆದದ್ದಲ್ಲ, ಮೆಷಿನ್ನು…” ಎಂದು ಶುರು ಮಾಡಿದ.

“ಗೊತ್ತೋ. ನೀನು ಸ್ನಾನಕ್ಕೆ ಹೋದಾಗ ನಾನೇ ಕೆಳಗೆ ಬಂದು ಮೆಷಿನ್ನಿಗೆ ಮಂತ್ರಾಕ್ಷತೆ ಹಾಕಿದೆ. ಮುಚ್ಚಳ ತೆಗೆದಿತ್ತು, ಹೊಟ್ಟೆಗೇ ಹಾಕಿದೆ. ಮಗನ ಕೆಲಸಕ್ಕೆ ಇವತ್ತು ಕಳಂಕ ಬರಬಾರದು ಅಂತ.”

ಉರುಳೆಗೆ ಅಂಟಿದ್ದ ಮೂರು ಕಾಳು ಸಂಕರ್ಷಣನಿಗೆ ನೆನಪಾದವು.

“ಗ್ವಾಡಿ ಮ್ಯಾಲಿನ ಹಿರಿಯರೆಲ್ಲರ ಫೋಟೋನೂ ಹಿಂಗ ಆಗಬೇಕು. ಒಂದು ಗೆರಿ ಕಡಿಮಿ ಆದ್ರೂ ತಗೊಳಂಗಿಲ್ಲ” ಎಂದರು ಹಾಲಯ್ಯನವರು.

“ನನ್ನ ಕಾಲಕ್ಕೆ ಮಾತ್ರ ಅಡ್ಡ ಬೇಡಪ್ಪ, ಉದ್ದ ನಾಮ ಬರಬೇಕು” ಎಂದರು ಆಚಾರ್ಯರು.

“ಅದೇನ್ ಮಹಾ. ಆಚಾರ್ರನ್ನ ಅಡ್ಡ ಮಲಗಿಸಿ ಹೊಡದ್ರಾತು” ಎಂದ ಲಲ್ಲನ್. ಬಾಯಲ್ಲಿದ್ದ ಪಾನನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿ, ಏನೋ ನೆನಪಾದವನಂತೆ ಮುಂದುವರಿಸಿದ: “ಅಂದಂಗ ಗುರು, ನಿಮ್ಮ ಬೋರ್ಡಿನಾಗ ಒಂದು ಗೆರಿ ಕಂಡ್ರೂ ಫೋಟೋ ಪುಕ್ಕಟೆ ಅಂತ ಐತಲ್ರಿ. ಇಲ್ಲಿ ಡಜನ್ ಅದಾವು.”

ಹಾಲಯ್ಯನವರ ಮುಖ ಅರಳಿತು. ಹಜಾರವೆಲ್ಲ ಸಂಕರ್ಷಣನ ಕಡೆ ತಿರುಗಿತು. ಅವನು ಏನಾದರೂ ಹೇಳುವ ಮೊದಲೇ ಆಚಾರ್ಯರು ಎದೆ ಉಬ್ಬಿಸಿ ಹೇಳಿದರು: “ಹೌದು, ಪುಕ್ಕಟೆಯೇ. ಬೋರ್ಡು ಬರೆಸಿದವನು ನನ್ನ ಮಗ. ಆಡಿದ ಮಾತಿಗೆ ತಪ್ಪೋನಲ್ಲ. ಇಂಥ ಮಗ ಇದಾನೆ ಅಂತ ಬಂದ ಯಾತ್ರಿಕರಿಗೆಲ್ಲ ನಾಳೆಯಿಂದ ನಾನೇ ಹೇಳ್ತೀನಿ. ಏನೋ ಸಂಕರ್ಷಣ, ಎಲ್ಲ ಫೋಟೋ ಮುಗಿಯೋ ತನಕ ದಿನಾ ಬೆಳಿಗ್ಗೆ ಬಂದು ಮಂತ್ರಾಕ್ಷತೆ ಹಾಕಿ ಹೋಗಲೇನೋ?”

ಸಂಕರ್ಷಣ ಗೋಡೆಯ ಕಡೆ ನೋಡಿದ. ಅವನ ಬಾಳಿನ ಅತ್ಯುತ್ತಮ ಫೋಟೋ ಆ ಕಟ್ಟಿನ ಹಿಂದೆ ತೇವ ತಡೆಯುತ್ತ ನಿಂತಿತ್ತು. ಆಮೇಲೆ ಅಪ್ಪನ ಮುಖ ನೋಡಿದ.

“ಆಗಲಿ ಅಪ್ಪ,” ಎಂದ. “ಮುಚ್ಚಳ ತೆಗೆದಿಟ್ಟಿರ್ತೀನಿ.”